ಚನ್ನಪಟ್ಟಣದ ಬೊಂಬೆಯೂ ಹಡಗಿನ ಹೊಗೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಿಗೂ ಸಮುದ್ರಕ್ಕೂ ಬಹುದೂರ. ಹೀಗಿರುವಲ್ಲಿ ಹಡಗುಗಳು ಯಾವ ಎಣ್ಣೆಯನ್ನು ಉರಿಸತಕ್ಕದ್ದೆಂಬ ವಿಚಾರವನ್ನು ನಾವು ಎತ್ತಿಕೊಂಡುದನ್ನು ನೋಡಿ ವಾಚಕರಲ್ಲಿ ಕೆಲವರಿಗೆ ಸೋಜಿಗವಾಗಬಹುದು. ಆದರೆ ಚನ್ನಪಟ್ಟಣದ ಬೊಂಬೆಯು ಪರದೇಶವನ್ನು ಸೇರುವುದು ಹಡಗಿನ ಮೂಲಕ. ಕನಕಪುರ ಮಾಗಡಿಗಳ ಶಿಲೆಯು ಹೊರನಾಡಿನ ಸೌಧಗಳಿಗೆ ಹೋಗುವುದೂ ಹಾಗೆಯೇ. ಪರದೇಶದ ರೇಷ್ಮೆಯು ನಮ್ಮ ಬಂದರುಗಳಲ್ಲಿ ಇಳಿದರೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತನ ಮುಖವು ಬಾಡುವುದು. ಭಾರತದ ಪರದೇಶ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು 95 ಪಾಲು ಸಮುದ್ರಮಾರ್ಗವಾಗಿಯೇ ನಡೆಯುತ್ತದೆ. ಆದುದರಿಂದ ಕಡಲಿನ ಕಾನೂನು ನಮಗೆ ಸಂಬಂಧಿಸಿದುದಲ್ಲವೆಂದು ಸುಮ್ಮನಿರುವುದು ಜಾಣತನವಲ್ಲ.

ಮೊದಲು ಎಣ್ಣೆಯ ಸಂಗತಿಯನ್ನು ನೋಡೋಣ. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲುಗಳನ್ನು ತೆಗೆದುಕೊಂಡ ಮೇಲೆ ತಳದಲ್ಲಿ ಉಳಿಯುವ ಕಪ್ಪು ಮಡ್ಡಿಯೇ ದೊಡ್ಡ ಹಡಗುಗಳ ಬಹುಕಾಲದ ಆಹಾರ. ಕಾಯಿಸದಿದ್ದರೆ ಅದು ಹರಿಯಲಾರದು. 2019ರ ಕೊನೆಯವರೆಗೆ ಅದರಲ್ಲಿ ಗಂಧಕವು ನೂರಕ್ಕೆ 3.5ರವರೆಗೆ ಇರಬಹುದಾಗಿತ್ತು. 2020ರ ಜನವರಿ 1ರಿಂದ ಆ ಮಿತಿಯನ್ನು 0.5ಕ್ಕೆ ಇಳಿಸಲಾಗಿದೆ. ಇನ್ನು ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಮುಂದೆ ಹಾದುಹೋಗುವ ಲಾರಿಯ ಡೀಸೆಲಿನಲ್ಲಿ, ಅದೇ 2020ರ ಏಪ್ರಿಲಿನಿಂದ, ಹತ್ತು ಲಕ್ಷ ಪಾಲಿನಲ್ಲಿ 10 ಪಾಲಿಗಿಂತ ಹೆಚ್ಚು ಗಂಧಕವಿರಕೂಡದು. ಅಂದರೆ ಬೊಂಬೆಯನ್ನು ಊರಿನಿಂದ ಹೊರಡಿಸುವ ಲಾರಿಗೆ ಇರುವ ಮಿತಿಗಿಂತ ಅದನ್ನು ಕಡಲು ದಾಟಿಸುವ ಹಡಗಿನ ಮಿತಿಯು ಇಂದಿಗೂ 500 ಪಟ್ಟು ಸಡಿಲವಾಗಿದೆ. ಹಡಗಿನ ಹಿಂದಿನ ಮಿತಿಯಾದರೋ ಲಾರಿಯ ಈಗಿನ ಮಿತಿಯ 3,500 ಪಟ್ಟು ಇದ್ದಿತು.

ಇಲ್ಲಿಯ ವಿಪರ್ಯಾಸವನ್ನು ಗಮನಿಸಬೇಕು. ಆಲೆಮರವನ್ನು ಕಡೆದು, ಅರಗನ್ನು ಬಣ್ಣಗೂಡಿಸಿ ಲೇಪಿಸಿ, ಗರಿಯಿಂದ ಉಜ್ಜಿ ಮೆರುಗು ಕೊಡುವ ನಮ್ಮ ಕುಶಲಕರ್ಮಿಯ ಸರಕಿಗೆ ಹೊರನಾಡಿನಲ್ಲಿ ಬೆಲೆ ಬಂದುದೇಕೆ? ಮಗು ಬಾಯಿಗಿಟ್ಟರೂ ಕೇಡಾಗದೆಂಬ ನಂಬಿಕೆಯಿಂದ. ಸೀಸವೇ ಮೊದಲಾದ ವಿಷಗಳು ಬಣ್ಣದಲ್ಲಿರಬಾರದೆಂದು ಯೂರೋಪಿನವರು ಕಟ್ಟುಮಾಡಿದಾಗ ಚನ್ನಪಟ್ಟಣವು ಅದಕ್ಕೆ ಹೊಂದಿಕೊಂಡಿತು. ಶುದ್ಧಿಯನ್ನೇ ತನ್ನ ಕೀರ್ತಿಯಾಗಿ ಮಾಡಿಕೊಂಡಿತು. ಬಡ ಬೊಂಬೆಗಾರನು ಮಾಡಿದ ಕೆಲಸವನ್ನು ಕೋಟ್ಯಧೀಶರಾದ ಹಡಗಿನ ಒಡೆಯರು ಮಾಡಲಾರರೆಂದರೆ ನಂಬುವವರಾರು? 2020ರ ಕಟ್ಟಳೆಯು ಬರುವಾಗಲೂ ವ್ಯಾಪಾರವು ಕೆಡುವುದೆಂದು ಅಂಜಿಸಿದವರಿದ್ದರು. ಕಟ್ಟಳೆಯು ಬಂದಿತು, ಹಡಗುಗಳು ನಿಲ್ಲಲಿಲ್ಲ.

ಈಗಿನ ಪ್ರಶ್ನೆಯು ಗಂಧಕವನ್ನು ಮೀರಿದುದು. ಲೋಕದ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳಿಂದ ಹೊರಡುತ್ತದೆ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆಯು 2050ರ ಸುಮಾರಿಗೆ ಇದನ್ನು ಶೂನ್ಯಕ್ಕೆ ತರುವ ಗುರಿಯನ್ನು 2023ರಲ್ಲಿ ಒಪ್ಪಿತು. 5,000 ಟನ್ನಿಗೆ ಮೀರಿದ ಹಡಗುಗಳು ಮಿತಿ ದಾಟಿ ಬಿಟ್ಟ ಅನಿಲಕ್ಕೆ ಟನ್ನಿಗೆ 100 ಡಾಲರು, ಇನ್ನೂ ಮೀರಿದರೆ 380 ಡಾಲರು ತೆರಬೇಕು. ಆ ಹಣವು ಒಂದು ನಿಧಿಗೆ ಸೇರಿ ಶುದ್ಧ ಇಂಧನದ ಹಡಗುಗಳಿಗೂ ಹಿಂದುಳಿದ ದೇಶಗಳಿಗೂ ನೆರವಾಗಬೇಕು ಎಂಬ ಯೋಜನೆಗೆ 2025ರ ಏಪ್ರಿಲಿನಲ್ಲಿ 63 ದೇಶಗಳು ಸಮ್ಮತಿಯಿತ್ತವು. ಭಾರತವು ಅವುಗಳಲ್ಲಿ ಒಂದು. ಆದರೆ ಅಮೆರಿಕವು ಬಲವಾಗಿ ವಿರೋಧಿಸಿದುದರಿಂದ, ಅಕ್ಟೋಬರಿನಲ್ಲಿ ಅಂತಿಮವಾಗಿ ಅಂಗೀಕರಿಸಬೇಕಾದ ಸಭೆಯು ಆ ವಿಷಯವನ್ನು ಒಂದು ವರ್ಷದ ಮಟ್ಟಿಗೆ ಮುಂದೂಡಿಬಿಟ್ಟಿತು.

ಮುಂದೂಡಿದುದರಿಂದ ನಮ್ಮ ಹೊರೆಯು ತಪ್ಪಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಯೂರೋಪಿನ ಒಕ್ಕೂಟವು ಯಾರಿಗೂ ಕಾಯದೆ 2024ರಿಂದಲೇ ಹಡಗಿನ ಹೊಗೆಗೆ ಬೆಲೆ ಕಟ್ಟಿದೆ. ನಮ್ಮ ಬಂದರಿನಿಂದ ಅವರ ಬಂದರಿಗೆ ಹೋದ ಹಡಗು ದಾರಿಯಲ್ಲಿ ಬಿಟ್ಟ ಅನಿಲದ ಅರ್ಧಕ್ಕೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದಲ್ಲಿ 2024ರ ಬಾಬು ನೂರಕ್ಕೆ 40, 2025ರದು 70, 2026ರಿಂದ ಪೂರ್ತಿ. ಹಡಗಿನವರು ಇದನ್ನು ತಮ್ಮ ಗಂಟಿನಿಂದ ಕೊಡುವರೇ? ಸಾಗಣೆಯ ದರದ ಮೇಲೆ ಹೆಚ್ಚುವರಿಯಾಗಿ ಹಾಕಿ ಸರಕಿನವನಿಂದಲೇ ವಸೂಲು ಮಾಡುತ್ತಾರೆ. ಕೈಯಲ್ಲಿ ಹಿಡಿಯುವ ಬೊಂಬೆಗೆ ಇದು ಸ್ವಲ್ಪವಾಗಬಹುದು. ತೂಕವೇ ಪ್ರಧಾನವಾದ ಶಿಲೆಗೆ ಸ್ವಲ್ಪವಲ್ಲ. ಹೀಗೆ ಕೂಡಿದ ಹಣವು ಸೇರುವುದು ಯೂರೋಪಿನ ಬೊಕ್ಕಸವನ್ನು. ಮಾಗಡಿಯ ಬಂಡೆಯಿಂದ ಎತ್ತಿದ ಹಣದಲ್ಲಿ ಮಾಗಡಿಗೆ ಕಾಸೂ ಮರಳುವಂತಿಲ್ಲ.

ಹೊಗೆ ತುಂಬಿದವರು ಶ್ರೀಮಂತ ದೇಶಗಳವರು, ತೆರಿಗೆಯನ್ನು ನಾವೇಕೆ ಕೊಡಬೇಕು ಎಂಬ ವಾದವನ್ನು ನಾವು ಬಲ್ಲೆವು. ಅದರಲ್ಲಿ ನ್ಯಾಯವೂ ಇದೆ. ಆದರೆ ಆ ನ್ಯಾಯವನ್ನು ಸಾಧಿಸುವ ಬಗೆ ಯಾವುದು? ಕಟ್ಟಳೆಯೇ ಬೇಡವೆಂದರೆ ಬಲಿಷ್ಠರು ತಮ್ಮ ತಮ್ಮ ಬಾಗಿಲಲ್ಲಿ ತಮಗೆ ತೋರಿದ ಸುಂಕವನ್ನು ಕೀಳುವರು. ಲೋಕಕ್ಕೆಲ್ಲ ಒಂದೇ ಕಟ್ಟಳೆಯಾದರೆ ಮಾತ್ರ ನಿಧಿಯಲ್ಲಿ ನಮ್ಮ ಪಾಲನ್ನು ಹಕ್ಕಿನಿಂದ ಕೇಳಬಹುದು. ಆದುದರಿಂದ ಆ ಪ್ರಶ್ನೆಯು ಮತ್ತೆ ಸಭೆಯ ಮುಂದೆ ಬರುವಾಗ ಭಾರತದ ಪ್ರತಿನಿಧಿಗಳು ತಮ್ಮ ಮೊದಲಿನ ಸಮ್ಮತಿಯಲ್ಲಿ ನಿಲ್ಲತಕ್ಕದ್ದು. ಮತ್ತು ಒಂದೇ ಸರಕಿಗೆ ಎರಡು ಕಡೆ ಹೊಗೆಯ ಸುಂಕ ಬೀಳದಂತೆ ಬಿಗಿಯಾಗಿ ವಾದಿಸತಕ್ಕದ್ದು.

ಪರರ ಹಡಗಿನಲ್ಲಿ ಸರಕು ಸಾಗಿಸುವವನು ಪರರ ದರಕ್ಕೆ ತಲೆಬಾಗಲೇಬೇಕೆಂಬುದು ನಮಗೆ ಹಳೆಯ ಪಾಠ. 1906ರಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ತೂತ್ತುಕ್ಕುಡಿಯಲ್ಲಿ ಸ್ವದೇಶೀ ಹಡಗಿನ ಕಂಪೆನಿಯನ್ನು ಕಟ್ಟಿದರು. ಆಂಗ್ಲ ಕಂಪೆನಿಯು ದರವನ್ನು ಇಳಿಸಿ ಅದನ್ನು ಹಿಂಡಿತು. ಆಂಗ್ಲ ಸರಕಾರವು 1908ರಲ್ಲಿ ಅವರನ್ನು ಸೆರೆಮನೆಗೆ ದೂಡಿತು. ಇಂದಿಗೂ ನಮ್ಮ ಪರದೇಶ ವ್ಯಾಪಾರದ ಬಹುಪಾಲು ಪರದೇಶದ ಹಡಗುಗಳಲ್ಲಿಯೇ ನಡೆಯುತ್ತಿದೆ. ಹಡಗು ಕಟ್ಟುವ ಉದ್ಯಮಕ್ಕೆ ಕೇಂದ್ರ ಸರಕಾರವು 2025ರ ಸೆಪ್ಟೆಂಬರಿನಲ್ಲಿ ಒಪ್ಪಿದ 69,725 ಕೋಟಿ ರೂಪಾಯಿಗಳು ಹಳೆಯ ಮಡ್ಡಿಯ ಎಂಜಿನುಗಳಿಗೆ ವ್ಯರ್ಥವಾಗದೆ, ಮೆಥನಾಲ್, ಅಮೋನಿಯಗಳಂತಹ ಹೊಸ ಇಂಧನಗಳ ಹಡಗುಗಳಿಗೆ ವಿನಿಯೋಗವಾಗಲಿ.

ಇನ್ನು ನಮ್ಮ ನಾಡಿನ ಮಾತು. ಹಸಿರು ಹೈಡ್ರೊಜನ್ ಕೇಂದ್ರಗಳೆಂದು ದೆಹಲಿಯವರು ಆರಿಸಿದುದು ಕಂಡ್ಲಾ, ಪಾರಾದೀಪ, ತೂತ್ತುಕ್ಕುಡಿ ಬಂದರುಗಳನ್ನು. 1974ರಲ್ಲಿ ದೊಡ್ಡ ಬಂದರೆಂದು ಘೋಷಿತವಾದ, ಕರ್ನಾಟಕದ ಏಕೈಕ ದೊಡ್ಡ ಬಂದರಾದ ನವ ಮಂಗಳೂರು ಆ ಮೂರರಲ್ಲಿ ಇಲ್ಲ. ಈ ಇಂಧನಕ್ಕೆ ಬೇಕಾದುದು ಬಿಸಿಲಿನ ಮತ್ತು ಗಾಳಿಯ ವಿದ್ಯುತ್ತು. ಪಾವಗಡವೊಂದರಲ್ಲಿಯೇ 2,050 ಮೆಗಾವ್ಯಾಟ್ ಬಿಸಿಲಿನ ವಿದ್ಯುತ್ ಸ್ಥಾವರವುಳ್ಳ ರಾಜ್ಯದ ಬಂದರನ್ನು ಹೊರಗಿಟ್ಟುದೇಕೆಂದು ಕೇಳುವುದು ನಮ್ಮ ಸರಕಾರದ ಕರ್ತವ್ಯವಲ್ಲವೆ?

ಸಣ್ಣ ವ್ಯಾಪಾರಿಯ ಗತಿಯನ್ನೂ ನೋಡಬೇಕು. ಹೊಗೆಯ ಸುಂಕವೆಂದು ಏಜೆಂಟನು ಕೇಳಿದಷ್ಟನ್ನು ಬೊಂಬೆಯವನು ತೆರುವಂತಾಗಬಾರದು. ಆ ದರಗಳನ್ನು ಕನ್ನಡದಲ್ಲಿ ಪ್ರಕಟಿಸುವುದು, ಹಲವರ ಸರಕನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಕಳುಹಿಸುವ ಏರ್ಪಾಟು ಮಾಡುವುದು ಜಿಲ್ಲೆಯ ಕೈಗಾರಿಕಾ ಅಧಿಕಾರಿಗಳಿಗೆ ಅಸಾಧ್ಯವಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ರೈಲು ಎಂಬ ಮಾತು ಬಹಳ ಹಳೆಯದು. ಶಿಲೆಯು ಮಾತ್ರ ಇನ್ನೂ ಲಾರಿಯಲ್ಲಿಯೇ ಹೋಗುತ್ತಿದೆ. ಸಮುದ್ರದ ಹೊಗೆಯನ್ನು ಕುರಿತು ಮಾತನಾಡುವ ಸರಕಾರಗಳು ಈ ನೆಲದ ಹಾದಿಯನ್ನೂ ಮರೆಯಬಾರದು.

ಶುದ್ಧವಾದ ಸರಕಿಗೆ ಶುದ್ಧವಾದ ವಾಹನವು ದೊರೆಯಬೇಕು. ಅದರ ಬೆಲೆಯನ್ನು ಬಡವನೊಬ್ಬನೇ ತೆರುವಂತಾಗಬಾರದು. ಇದಿಷ್ಟೇ ನಮ್ಮ ಕೋರಿಕೆ. ಅಧಿಕಾರದಲ್ಲಿರುವವರು ಇದಕ್ಕೆ ಕಿವಿಗೊಡುವರೆಂದು ಆಶಿಸುತ್ತೇವೆ.