ಬಿಸಿ ರೊಟ್ಟಿಯ ಮೊದಲ ಆಟ, ಸಕ್ಕರೆ ಗೊಂಬೆಯ ಕೊನೆಯ ಆಟ?



ಈ ವಾರ ಹೀರೋ ಸುದ್ದಿ ಇಲ್ಲ, ಹೀರೋಯಿನ್ ಮದುವೆಯ ಗುಸುಗುಸುವೂ ಇಲ್ಲ. ಈ ವಾರದ ನಾಯಕ ಜೋಳದ ರೊಟ್ಟಿ! ನಗಬೇಡಿ. ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಬಸ್ಸಿನ ದಾರಿ ಕಾಯುತ್ತ ಈ ಪುಟ ತಿರುವುತ್ತಿರುವ ತಮ್ಮಾ, ನಿನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ ಇದ್ದರೆ ಅದರೊಳಗೆ ಕುಂತಿರುವವನು ಇವನೇ.

ನಮ್ಮ ಕಡೆ ರೊಟ್ಟಿಯದು ಯಾವಾಗಲೂ ಡಬಲ್ ಆಕ್ಟಿಂಗ್. ಒಂದು ಪಾತ್ರ ಬಿಸಿ ರೊಟ್ಟಿ, ಇನ್ನೊಂದು ಕಟಕ್ ರೊಟ್ಟಿ. ಬಿಸಿ ರೊಟ್ಟಿ ಅಂದರೆ ರಿಲೀಸಿನ ದಿನದ ಮೊದಲ ಆಟ. ಹಂಚಿನಿಂದ ಇಳಿದ ಆ ಐದು ನಿಮಿಷ ಅದರದೇ ದರ್ಬಾರು! ಮೇಲೊಂದು ಬೆಣ್ಣೆ ಮುದ್ದೆ, ಪಕ್ಕಕ್ಕೆ ಶೇಂಗಾ ಚಟ್ನಿ, ಎಣಗಾಯಿ... ಆರಿತೋ, ಹೌಸ್‌ಫುಲ್ ಬೋರ್ಡು ಇಳಿಯಿತು ಅಂತಲೇ ಲೆಕ್ಕ. ಕಟಕ್ ರೊಟ್ಟಿ ಹಾಗಲ್ಲ. ಅದು ಇಪ್ಪತ್ತೈದು ವಾರ ಓಡುವ ಚಿತ್ರ. ರಾಮದುರ್ಗದ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟರೆ ಅವನ ಜೊತೆ ಟಿಕೆಟ್ ಇಲ್ಲದೆ ಪ್ರಯಾಣ ಮಾಡುವುದು ಅದೇ.

ಒಂದೇ ಹಿಟ್ಟು, ಒಂದೇ ಕೈ. ಮತ್ತೆ ಇಷ್ಟು ಫರಕು ಯಾಕೆ? ಗುಟ್ಟು ಇರುವುದು ಹಿಟ್ಟಿನ ಪಿಷ್ಟದಲ್ಲಿ. ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು. ಬಿಸಿಗೆ ಪಿಷ್ಟದ ಕಣಗಳು ಉಬ್ಬಿ ನೀರು ಹಿಡಿದುಕೊಳ್ಳುತ್ತವೆ, ಹಿಟ್ಟಿಗೆ ಜಿಗಿ ಬರುತ್ತದೆ. ಸುಟ್ಟ ರೊಟ್ಟಿ ಆರುತ್ತ ಹೋದಂತೆ ಅದೇ ಕಣಗಳು ಮತ್ತೆ ಒಂದಕ್ಕೊಂದು ಬಿಗಿದುಕೊಂಡು ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತವೆ. ರೊಟ್ಟಿ ಸೆಟೆದುಕೊಳ್ಳುತ್ತದೆ! ಬರೀ ಒಣಗಿದ್ದರಿಂದ ಹಾಗಾಗುವುದಲ್ಲ. ಬೇಕರಿ ಬ್ರೆಡ್ಡಿನದೂ ಇದೇ ಕಥೆ. ರೂಮು ಮಾಡಿಕೊಂಡಿರುವ ಹುಡುಗರು ಬ್ರೆಡ್ಡಿನ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟು ತಾಜಾ ಉಳಿಸಿದೆವು ಅಂದುಕೊಳ್ಳುತ್ತಾರೆ. ಬೂಷ್ಟು ತಡವಾಗಿ ಹಿಡಿಯುತ್ತದೆ, ಖರೇ. ಆದರೆ ಆ ತಂಪಿನಲ್ಲಿ ಪಿಷ್ಟ ಇನ್ನೂ ಬೇಗ ಬಿಗಿಯುತ್ತದೆ, ಮೆದುತನ ಇನ್ನೂ ಬೇಗ ಹೋಗುತ್ತದೆ. ಮತ್ತೆ ಕಾಯಿಸಿದರೆ ಸ್ವಲ್ಪ ಹೊತ್ತು ಜೀವ ಬಂದೀತು, ಅಷ್ಟೇ.

ನಮ್ಮ ಅಜ್ಜಿಯರು ಈ ವಿಲನ್ ಜೊತೆ ಫೈಟಿಂಗಿಗೇ ಇಳಿಯಲಿಲ್ಲ. ರೊಟ್ಟಿಯನ್ನು ತೆಳ್ಳಗೆ ಬಡಿದು, ಇದ್ದಬಿದ್ದ ನೀರಿನ ಪಸೆಯನ್ನೆಲ್ಲ ಒಲೆಯ ಕಾವಿಗೆ ಆರಿಸಿ ಬುಟ್ಟಿಗೆ ಜೋಡಿಸಿಟ್ಟರು. ನೀರೇ ಇಲ್ಲವೆಂದ ಮೇಲೆ ಬೂಷ್ಟು ಹೇಗೆ ಬಂದೀತು? ತಂಗಳಾಗುವ ಮಾತೇ ಇಲ್ಲ!

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ, ತಮ್ಮಾ. ಬಿಸಿ ರೊಟ್ಟಿಗೆ ಆಯುಷ್ಯ ಐದು ನಿಮಿಷ. ಹಂಚಿನ ಮುಂದೆ ಕುಂತ ಅವ್ವ ಒಂದೊಂದೇ ಬಡಿದು, ಸುಟ್ಟು, ನಿನ್ನ ತಾಟಿಗೆ ಹಾಕುತ್ತಾಳೆ. ನೀನು ಉಂಡು ಎದ್ದೆ, ಅಪ್ಪ ಉಂಡು ಎದ್ದ, ಅಣ್ಣ ಉಂಡು ಎದ್ದ. ಒಲೆ ಆರಿಸಿ ಅವಳು ಉಣ್ಣಲು ಕುಂತಾಗ ತಾಟಿನಲ್ಲಿ ಇರುವುದು ಯಾವ ರೊಟ್ಟಿ? ಸೆಟೆದ ರೊಟ್ಟಿ! ಮನೆಮಂದಿಗೆಲ್ಲ ದಿನಾ ಮೊದಲ ಆಟ ತೋರಿಸಿದವಳಿಗೆ ಒಂದು ದಿನವೂ ಟಿಕೆಟ್ ಸಿಗಲಿಲ್ಲ. "ಬಿಸಿದs ಬೇಕು" ಅಂತ ಹಟ ಮಾಡುವ ನಾವು ಇದನ್ನು ಎಂದಾದರೂ ಕೇಳಿದ್ದೇವೆಯೇ?

ಇರಲಿ, ಈಗ ಜಾತ್ರೆಗೆ ಹೋಗೋಣ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಸಾಲು. ಹೋಗುವಾಗ ಚಕ್ಕಡಿಯಲ್ಲಿ ರೊಟ್ಟಿ ಬುಟ್ಟಿ, ಬರುವಾಗ ಬೆಂಡು, ಬತ್ತಾಸು, ಚುರುಮುರಿ. ಈಗ ಟ್ರ್ಯಾಕ್ಟರು, ಟೆಂಪೋ ಬಂದಿವೆ. ಬೆಂಡು ಬತ್ತಾಸು ಪುಣ್ಯಕ್ಕೆ ಇನ್ನೂ ಉಳಿದಿವೆ. ಉಳಿಯದೇ ಹೋದವುಗಳ ಪಟ್ಟಿ ನಿಮ್ಮ ಅಪ್ಪನನ್ನು ಕೇಳಿ. ಕಿತ್ತೂರಿನ ಕಿರಾಣಿ ಅಂಗಡಿಯ ಗಾಜಿನ ಬರಣಿಯಲ್ಲಿದ್ದ ಐದು ಪೈಸೆಯ ಲಿಂಬಿಹುಳಿ, ಪೆಪ್ಪರ್‌ಮಿಂಟು ಅಂತ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ! ಅವು ಹೋದದ್ದು ರುಚಿ ಕೆಟ್ಟು ಅಲ್ಲ ಮಿತ್ರರೇ. ಕೊಳ್ಳುವ ನಾಣ್ಯವೇ ಹೋಯಿತು. 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯೇ ಮುಗಿಯಿತು. ಅಂಗಡಿಯವನಾದರೂ ಏನು ಮಾಡಿಯಾನು?

1961ರಲ್ಲಿ ಬಂದ ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿ ಖಡ್ಗ ಹಿಡಿದದ್ದನ್ನು ಇವತ್ತೂ ನೋಡಬಹುದು. 1971ರ ಕಪ್ಪು-ಬಿಳುಪು 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಟಾಕೀಸಿಗೆ ಬಂತು. ಚಿತ್ರಕ್ಕೆ ರೀಲು ಇದೆ. ತಿನಿಸಿಗೆ ರೀಲು ಎಲ್ಲಿದೆ? ಮಾಡುವ ಕೈ ಇರುವತನಕ ಅದರ ಆಟ.

ಆದರೂ ತಿನಿಸೂ ಒಮ್ಮೊಮ್ಮೆ ರೀ-ರಿಲೀಸ್ ಆಗುವುದುಂಟು. ಪಾರ್ಲೆ ಕಂಪನಿಯ ರೋಲಾ ಕೋಲಾ ಎಂಬ ಕರಿ ಪೆಪ್ಪರ್‌ಮಿಂಟು 2006ರಲ್ಲಿ ನಿಂತುಹೋಗಿತ್ತು. 2019ರಲ್ಲಿ ಅಭಿಮಾನಿಯೊಬ್ಬ ಟ್ವಿಟರಿನಲ್ಲಿ "ಮತ್ತೆ ಕೊಡ್ರಿ" ಅಂತ ಕೇಳಿದ. ಹತ್ತು ಸಾವಿರ ಜನ ದನಿಗೂಡಿಸಿದರೆ ನೋಡೋಣ ಅಂದಿತು ಕಂಪನಿ. ದನಿಗೂಡಿಸಿದರು! ಅದೇ ವರ್ಷ ಮಾಲು ಮತ್ತೆ ಅಂಗಡಿಗೆ ಬಂತು. ನೋಡಿದಿರಾ ಅಭಿಮಾನಿಗಳ ತಾಕತ್ತು?

ಆದರೆ ನಮ್ಮ ಸಕ್ಕರೆ ಗೊಂಬೆಗೆ ಕಂಪನಿ ಇಲ್ಲ, ಟ್ವಿಟರೂ ಇಲ್ಲ. ಕಾರ್ತಿಕದ ಗೌರಿ ಹುಣ್ಣಿಮೆಗೆ ನಮ್ಮ ಸೀಮೆಯಲ್ಲಿ ಸಕ್ಕರೆ ಆರತಿ ಆಗಬೇಕು. ನೆನೆಸಿಟ್ಟ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ ಕಟ್ಟಿ, ಕುದಿಯುವ ಸಕ್ಕರೆ ಪಾಕ ಹುಯ್ಯುತ್ತಾರೆ. ಸ್ವಲ್ಪ ಹೊತ್ತಿಗೆ ಬಿಚ್ಚಿದರೆ ಆನೆ, ಕುದುರೆ, ನವಿಲು, ತೇರು! ಲಗ್ನ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಹೂವಿನ ದಂಡೆ, ಜೊತೆಗೆ ಈ ಸಕ್ಕರೆ ಆರತಿ ಹೋಗುವುದು ಪದ್ಧತಿ. ಮೈಸುಡುವ ಪಾಕದ ಕೆಲಸ, ವರ್ಷಕ್ಕೆ ಕೆಲವೇ ದಿನದ ವ್ಯಾಪಾರ. ಮಾಡುವ ಮನೆಗಳು ಕಡಿಮೆಯಾಗುತ್ತಿವೆ. ಬೆಳಗಾವಿ ಸೀಮೆಯ ಮದುವೆಯೂಟದ ಮಂಡಿಗೆಯದೂ ಇದೇ ಪಾಡು. ಕೈಮೇಲೆ ಹಿಗ್ಗಿಸಿ, ಬೋರಲು ಹಾಕಿದ ಬಾಣಲೆಯ ಮೇಲೆ ಬೇಯಿಸಿ, ಕಾಗದದಂತೆ ಮಡಚುವ ಕಲೆ ಎಲ್ಲರಿಗೂ ಬರುವಂಥದಲ್ಲ. ಆ ಕೈಗಳೂ ಹೋದ ಮೇಲೆ ಗಾದೆಯ ಪ್ರಕಾರ ಮನಸ್ಸಿನಲ್ಲೇ ಮಂಡಿಗೆ ತಿನ್ನಬೇಕು, ಅಷ್ಟೇ!

ಅದಕ್ಕೇ ಈ ವಾರದ ಮಾತು ಇಷ್ಟು. ಹೋದದ್ದಕ್ಕೆ ಅಳುವುದು ಸುಲಭ, ಇದ್ದದ್ದನ್ನು ಕೇಳಿ ಕೊಳ್ಳುವುದು ಕೆಲಸ. ನಿಶ್ಚಯವಾಗಿರುವ ವರಮಹಾಶಯರು ಈ ಗೌರಿ ಹುಣ್ಣಿಮೆಗೆ ಚಾಕಲೇಟ್ ಡಬ್ಬಿ ಬಿಟ್ಟು ಸಕ್ಕರೆ ತೇರು ಒಯ್ಯಿರಿ. ಹುಡುಗಿ ನಕ್ಕರೆ ಕ್ರೆಡಿಟ್ ನಮ್ಮ ಪತ್ರಿಕೆಗೆ! ಇನ್ನು ಉಳಿದವರು ಒಂದು ರಜೆಯ ದಿನ ಹಂಚಿನ ಮುಂದೆ ಕೂಡ್ರಿ. ಮೊದಲ ರೊಟ್ಟಿ ಬೆಳಗಾವಿ ಜಿಲ್ಲೆಯ ನಕಾಶೆಯಂತೆ ಬಂದೀತು, ಬರಲಿ. ಬಿಸಿ ಇದ್ದಾಗಲೇ ಅವ್ವನ ತಾಟಿಗೆ ಹಾಕಿ.

ಬಸ್ಸು ಬಂತು, ಹತ್ತಿ. ಮುಂದಿನ ವಾರ ಸಿಗೋಣ.