ನಿಂತ ಕಾರಿನಲ್ಲಿ ಓಡುವ ಎಂಜಿನ್

ಸಿಗ್ನಲಿನಲ್ಲಿ ಕೆಂಪು ದೀಪ. ಆಟೊಮ್ಯಾಟಿಕ್ ಕಾರೊಂದು ಬ್ರೇಕ್ ಹಿಡಿದು ನಿಂತಿದೆ. ಎಂಜಿನ್ ಓಡುತ್ತಿದೆ, ಗೇರೂ ಬಿದ್ದಿದೆ. ಕ್ಲಚ್ ತುಳಿಯದೆ ಹೀಗೆ ನಿಲ್ಲಿಸಿದರೆ ಮಾಮೂಲಿ ಕಾರು ಒಮ್ಮೆ ಗಡಗಡ ನಡುಗಿ ಬಂದ್ ಆಗುತ್ತದೆ. ಇದು ಏಕೆ ಆಗುವುದಿಲ್ಲ?

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಎರಡನೆಯದು ಕಚ್ಚಿಕೊಂಡು ನಿಂತರೂ ಮೊದಲನೆಯದು ನಿಲ್ಲುವುದಿಲ್ಲ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದು ಉಕ್ಕಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಟಾರ್ಕ್ ಕನ್ವರ್ಟರಿನ ಹತ್ತಿರ ಬಂದಂತಾಯಿತು. ಎಂಜಿನ್ ತಿರುಗಿಸುವ ಫ್ಯಾನಿಗೆ ಇಂಪೆಲ್ಲರ್ ಎಂದು ಹೆಸರು. ಗೇರ್‌ಬಾಕ್ಸಿಗೆ ಜೋಡಿಸಿದ್ದು ಟರ್ಬೈನ್. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ ಇದೆ. ಟರ್ಬೈನಿಗೆ ಬಡಿದು ಅಡ್ಡಾದಿಡ್ಡಿ ಹಿಂತಿರುಗುವ ಎಣ್ಣೆಯನ್ನು ಇದು ಸರಿದಾರಿಗೆ ಹೊರಳಿಸುತ್ತದೆ. ಈ ಉಪಾಯದಿಂದ ಕಾರು ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಸುಮಾರು ಇಮ್ಮಡಿಯಾಗಿ ಗೇರ್‌ಬಾಕ್ಸಿಗೆ ಸಿಗುತ್ತದೆ. ಇದನ್ನು ರೂಪಿಸಿದ ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದಾಗ ಆತನ ಕಣ್ಣಿದ್ದದ್ದು ಕಾರಿನ ಮೇಲಲ್ಲ, ಹಡಗಿನ ಮೇಲೆ.

ಈಗ ಬ್ರೇಕನ್ನು ಬಲವಾಗಿ ಒತ್ತಿಹಿಡಿದು ಆಕ್ಸಿಲರೇಟರನ್ನು ಪೂರ್ತಿ ತುಳಿದರು ಎನ್ನೋಣ. ಚಕ್ರ ಅಲುಗದು, ಟರ್ಬೈನೂ ಅಲುಗದು. ಎಂಜಿನ್ನಿನ ವೇಗ ಮಾತ್ರ ಏರುತ್ತ ಹೋಗಿ ಒಂದು ಹಂತದಲ್ಲಿ ಎಣ್ಣೆಯ ತಡೆಗೆ ಸಿಕ್ಕಿ ನಿಲ್ಲುತ್ತದೆ. ಆ ವೇಗವೇ ಸ್ಟಾಲ್ ಸ್ಪೀಡ್. ಸಾಮಾನ್ಯ ಕಾರುಗಳಲ್ಲಿ ಅದು ನಿಮಿಷಕ್ಕೆ ಸುಮಾರು 1,800ರಿಂದ 2,500 ಸುತ್ತು. ಇಲ್ಲಿ 'ಸ್ಟಾಲ್' ಆಗಿರುವುದು ಟರ್ಬೈನೇ ಹೊರತು ಎಂಜಿನ್ ಅಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕೇಳುವ ಅರ್ಥ ಬೇರೆ.

ಈ ಸಂಖ್ಯೆಗೇಕೆ ಇಷ್ಟು ಮಹತ್ವ? ಎಂಜಿನ್ ಎಲ್ಲ ವೇಗದಲ್ಲೂ ಒಂದೇ ಬಲ ಕೊಡುವುದಿಲ್ಲ. ಒಂದು ಪೆಟ್ರೋಲ್ ಎಂಜಿನ್ 1,500 ಸುತ್ತಿನಲ್ಲಿ 100 ನ್ಯೂಟನ್ ಮೀಟರ್, 2,500ರಲ್ಲಿ 140 ಕೊಡುತ್ತದೆ ಎಂದುಕೊಳ್ಳಿ. ಸ್ಟಾಲ್ ಸ್ಪೀಡ್ 1,500 ಇದ್ದರೆ ಹೊರಡುವಾಗ ಗೇರ್‌ಬಾಕ್ಸಿಗೆ 200, 2,500 ಇದ್ದರೆ 280. ಏರಿನಲ್ಲಿ ನಿಂತ ಕಾರಿಗೆ ಈ 80ರ ಅಂತರ ಸಣ್ಣದಲ್ಲ.

ಹಾಗಾದರೆ ಸ್ಟಾಲ್ ಸ್ಪೀಡ್ ಹೆಚ್ಚಿಸುತ್ತಲೇ ಹೋಗಬಾರದೇಕೆ? ಅಮೆರಿಕದ ಡ್ರ್ಯಾಗ್ ರೇಸಿನವರು ಮಾಡುವುದು ಅದನ್ನೇ. ಕಾಲು ಮೈಲಿ ಓಟಕ್ಕೆ ಅವರಿಗೆ 4,000 – 5,000 ಸುತ್ತಿನ ಕನ್ವರ್ಟರ್ ಬೇಕು. ದಾರಿ ಸುಲಭ: ಕನ್ವರ್ಟರಿನ ಗಾತ್ರ ಇಳಿಸುವುದು. ಅದು ಹೊರುವ ಟಾರ್ಕ್ ವ್ಯಾಸದ ಐದನೆಯ ಘಾತಕ್ಕೂ ವೇಗದ ವರ್ಗಕ್ಕೂ ಅನುಗುಣ. ಹಾಗಾಗಿ ಆಕಾರ ಅದೇ ಇದ್ದು ವ್ಯಾಸ 10 ಇಂಚಿನಿಂದ 9ಕ್ಕೆ ಇಳಿದರೆ, ಅದೇ ಟಾರ್ಕ್ ಹೊರಲು ವೇಗ ಸುಮಾರು ಶೇ. 30ರಷ್ಟು ಏರಬೇಕು. ಗಣಿತದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಇದರ ಬೆಲೆ ತೆರುವುದು ಎಣ್ಣೆ. ಟರ್ಬೈನ್ ನಿಂತಿರುವಾಗ ಎಂಜಿನ್ನಿನ ಶಕ್ತಿಯೆಲ್ಲ ಶಾಖವಾಗುತ್ತದೆ. ಮೇಲಿನ ಎಂಜಿನ್ 2,500 ಸುತ್ತಿನಲ್ಲಿ ಕೊಡುವುದು ಸುಮಾರು 36 ಕಿಲೋವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಕಾಯಿಲುಗಳನ್ನು ಮೂವತ್ತಾರು ತಂದು ಒಂದೇ ಪಾತ್ರೆಯಲ್ಲಿ ಇಳಿಬಿಟ್ಟ ಹಾಗೆ! ಒಳಗಿರುವುದು 5 ಲೀಟರ್ ಎಣ್ಣೆಯಾದರೆ ಸೆಕೆಂಡಿಗೆ 4 ಡಿಗ್ರಿಯಷ್ಟು ಬಿಸಿ ಏರುತ್ತದೆ. ಸುಟ್ಟ ಎಣ್ಣೆ ಗೇರ್‌ಬಾಕ್ಸನ್ನೂ ಸುಡುತ್ತದೆ. ಊರಿನ ಓಡಾಟದಲ್ಲಂತೂ ಇಂಥ ಕಾರು ಪ್ರತಿ ಸಲ ಎಂಜಿನ್ ಕೂಗಿಸಿ, ಪೆಟ್ರೋಲ್ ಕುಡಿದು, ಆಮೇಲೆ ಹೊರಡುತ್ತದೆ. 1948ರ ಬ್ಯೂಕ್ ಡೈನಾಫ್ಲೋ ಗೇರ್ ಬದಲಿಸುವ ಕೆಲಸವನ್ನೂ ಹೆಚ್ಚುಕಡಿಮೆ ಕನ್ವರ್ಟರಿಗೇ ಬಿಟ್ಟಿತ್ತು. ಬೆಣ್ಣೆಯಂಥ ನಯ, ಆದರೆ ಸೋಮಾರಿ ಎಂಬ ಹೆಸರು ತಪ್ಪಲಿಲ್ಲ.

ಎಂಜಿನ್ನಿಗೆ ತಕ್ಕ ಕನ್ವರ್ಟರ್ ಆರಿಸುವುದೇ ಜಾಣತನ. ಕಡಿಮೆ ಸುತ್ತಿನಲ್ಲೇ ಬಲ ಕೊಡುವ ಡೀಸೆಲ್ಲಿಗೆ ಕಡಿಮೆ ಸ್ಟಾಲ್ ಸ್ಪೀಡ್ ಸಾಕು. ಕಾರಿನ ಗರಿಷ್ಠ ವೇಗಕ್ಕೂ ಇದಕ್ಕೂ ಹೆಚ್ಚಿನ ನಂಟಿಲ್ಲ. ವೇಗ ಕೂಡಿದ ಮೇಲೆ ಆಧುನಿಕ ಕನ್ವರ್ಟರುಗಳಲ್ಲಿ ಲಾಕಪ್ ಕ್ಲಚ್ ಎರಡು ಚಕ್ರಗಳನ್ನೂ ಬೆಸೆದುಬಿಡುತ್ತದೆ.

ಮೆಕ್ಯಾನಿಕ್‌ಗೆ ಇದೇ ಸಂಖ್ಯೆ ನಾಡಿಮಿಡಿತ. ಕಂಪನಿ ಹೇಳಿದ್ದಕ್ಕಿಂತ ತೀರ ಕಡಿಮೆ ಬಂದರೆ ಎಂಜಿನ್ ಸೊರಗಿದೆ, ಇಲ್ಲವೇ ಸ್ಟೇಟರಿನ ಒಮ್ಮುಖ ಕ್ಲಚ್ ಜಾರುತ್ತಿದೆ. ಹೆಚ್ಚು ಬಂದರೆ ಗೇರ್‌ಬಾಕ್ಸಿನ ಕ್ಲಚ್ಚುಗಳು ಜಾರುತ್ತಿವೆ. ಪರೀಕ್ಷೆ ಐದು ಸೆಕೆಂಡು ಮೀರಬಾರದು, ಕಾರಿನ ಎದುರು ಯಾರೂ ನಿಂತಿರಬಾರದು. ಬ್ರೇಕ್ ಸೋತರೆ ಕಾರು ನೆಗೆಯುತ್ತದೆ. ಮನೆಯ ಮುಂದೆ ಮಕ್ಕಳು ಮಾಡಿ ನೋಡುವ ಪ್ರಯೋಗ ಇದಲ್ಲ. ಆಟೊಮ್ಯಾಟಿಕ್ ಎಂಬ ಫಲಕ ಹೊತ್ತ ಕಾರುಗಳಲ್ಲೆಲ್ಲ ಕನ್ವರ್ಟರ್ ಇರುತ್ತದೆಂದೂ ಇಲ್ಲ. 2014ರಲ್ಲಿ ಸೆಲೆರಿಯೊ ಮೂಲಕ ಭಾರತದಲ್ಲಿ ಜನಪ್ರಿಯವಾದ ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ. ಅದನ್ನು ಒತ್ತುವುದು ಮಾತ್ರ ಕಾಲಲ್ಲ, ಯಂತ್ರ.