ಮಗುವಿನ ತಲೆ ವಿಮಾನದ ಸೂಟ್‌ಕೇಸಲ್ಲ

“ಎಸ್‌ಎಟಿ ಮುಗಿಯುವವರೆಗೆ ಕನ್ನಡ ತರಗತಿ ಬೇಡ, ಈಗ ಇಂಗ್ಲಿಷ್ ಪದಸಂಪತ್ತು ಬೆಳೆಯಬೇಕು.” ನಮ್ಮ ಭಾನುವಾರದ ತರಗತಿಯಿಂದ ಮಕ್ಕಳನ್ನು ಬಿಡಿಸುವ ತಂದೆತಾಯಿಗಳು ವರ್ಷವರ್ಷವೂ ಹೇಳುವ ಮಾತಿದು. ಮಗುವಿನ ತಲೆಯೇನು ಇಪ್ಪತ್ತಮೂರು ಕಿಲೋ ಮಿತಿಯ ಸೂಟ್‌ಕೇಸೇ, ಒಂದು ಭಾಷೆಯನ್ನು ಹೊರಗಿಟ್ಟರೆ ಮಾತ್ರ ಇನ್ನೊಂದನ್ನು ತುಂಬುವುದಕ್ಕೆ?

ಪಟ್ಟಿ ಹಿಡಿದು ಉರುಹೊಡೆಯುವ ಪದ್ಧತಿಯನ್ನು ಪರೀಕ್ಷೆಗಳೇ ಹಿಂದೆ ಬಿಟ್ಟಿವೆ. ವಿರುದ್ಧಪದಗಳ ಪ್ರಶ್ನೆಗಳನ್ನು ಎಸ್‌ಎಟಿ 1994ರಲ್ಲಿ, ಜಿಆರ್‌ಇ 2011ರಲ್ಲಿ ಕೈಬಿಟ್ಟವು. ಇಂದಿನ ಎಸ್‌ಎಟಿ ಪದವನ್ನು ಪುಟ್ಟ ಗದ್ಯಭಾಗವೊಂದರೊಳಗಿಟ್ಟು ಕೇಳುತ್ತದೆ. ಆದುದರಿಂದ ಪದವನ್ನು ತಮಾಷೆಯ ವಾಕ್ಯದಲ್ಲಿ ಕಲಿಸುವ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಆ ತಮಾಷೆ ನಮ್ಮ ಮನೆಯದೇ ಏಕಾಗಬಾರದು?

‘ಪ್ರೊಕ್ರಾಸ್ಟಿನೇಟ್’ ಎಂಬ ಪದವನ್ನೇ ನೋಡಿ. ಅದರ ಒಡಲಲ್ಲಿರುವ ‘ಕ್ರಾಸ್’ ಲ್ಯಾಟಿನ್ನಿನಲ್ಲಿ ‘ನಾಳೆ’. ತೊಂಬತ್ತರ ದಶಕದಲ್ಲಿ ನಮ್ಮ ಊರುಕೇರಿಗಳಲ್ಲಿ ದೆವ್ವವನ್ನು ಹಿಂದಿರುಗಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. “ಹೋಂವರ್ಕ್ ಎಂಬ ದೆವ್ವಕ್ಕೆ ನಮ್ಮ ಹುಡುಗ ದಿನವೂ ‘ನಾಳೆ ಬಾ’ ಎಂದು ಬರೆಯುತ್ತಾನೆ, ಇದೇ ಪ್ರೊಕ್ರಾಸ್ಟಿನೇಟ್ ಮಾಡುವುದು.” ಇದನ್ನು ಕೇಳಿದ ಮಗು ಆ ಪದವನ್ನು ಮರೆಯುವುದು ಕಷ್ಟ. ‘ಸಾಮ್ನಲೆಂಟ್’ ಎಂಬುದರ ಮೂಲವಾದ ‘ಸೋಮ್ನಸ್’ ಎಂಬ ಲ್ಯಾಟಿನ್ ಪದವೂ ನಮ್ಮ ‘ಸ್ವಪ್ನ’ವೂ ಒಂದೇ ಬೇರಿನವು. ಕುಂಭಕರ್ಣನನ್ನು ಬಲ್ಲ ಮಗುವಿಗೆ ಅದಕ್ಕೆ ಬೇರೆ ಟಿಪ್ಪಣಿ ಬೇಕೆ?

ಇನ್ನೂ ಮುಖ್ಯವಾದುದು ಸೂಕ್ಷ್ಮ ಭೇದ. ವಾಗ್ಮಿಗೂ ವಾಚಾಳಿಗೂ ಇರುವ ಅಂತರವನ್ನು ಅರಿತ ಮಗುವಿಗೆ ‘ಎಲೊಕ್ವೆಂಟ್’, ‘ಗ್ಯಾರುಲಸ್’ ಎಂಬವು ಹೊಸ ಹೆಸರುಗಳು ಮಾತ್ರ. ಅರ್ಥವನ್ನು ಅದಾಗಲೇ ಬಲ್ಲದು. ರಾಜ್ಯೋತ್ಸವದ ವೇದಿಕೆಯಲ್ಲಿ ಮೊದಲ ಐದು ನಿಮಿಷ ಭಾಷಣಕಾರರು ಎಲೊಕ್ವೆಂಟ್. ಬಿಸಿಬೇಳೆಬಾತ್ ಆರುತ್ತಿದ್ದರೂ ಮೈಕು ಬಿಡದಿದ್ದರೆ ಗ್ಯಾರುಲಸ್. (ಕಾರ್ಯಕಾರಿ ಸಮಿತಿಯ ಮಿತ್ರರು ಕ್ಷಮಿಸಬೇಕು. ನಾನೂ ಮೈಕು ಹಿಡಿದವನೇ.)

ತಪ್ಪು ಪೋಷಕರದಷ್ಟೇ ಅಲ್ಲ. ಇತ್ತ ನಮ್ಮ ತರಗತಿಯಲ್ಲಿ ನಾವು ಹತ್ತು ವರ್ಷದ ಮಕ್ಕಳಿಗೂ ಬಣ್ಣ, ಹಣ್ಣು, ಅಂಗಾಂಗಗಳ ಹೆಸರುಗಳನ್ನೇ ಒಪ್ಪಿಸುತ್ತಿದ್ದೇವೆ. ಇಂಗ್ಲಿಷಿನಲ್ಲಿ ‘ಮೆಲಂಕೊಲಿ’ ಎನ್ನಬಲ್ಲ ಹುಡುಗಿ ವಿಡಿಯೋ ಕರೆಯಲ್ಲಿ ಅಜ್ಜಿಗೆ “ಬೇಜಾರು” ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಡುತ್ತಾಳೆ. ಅವಳಿಗಾಗಿರುವುದು ವಿಷಾದವೋ, ಬೇಸರವೋ, ದುಗುಡವೋ ಅಜ್ಜಿಗೆ ಗೊತ್ತಾಗುವುದೇ ಇಲ್ಲ.

ಬಿಡಿಸಿದ ಮಕ್ಕಳನ್ನು ಮುಂದಿನ ಭಾನುವಾರ ಮರಳಿ ಕರೆತನ್ನಿ. ಅವರು ತಮ್ಮ ಪಟ್ಟಿಯಿಂದ ಅತಿ ಕಠಿಣವಾದ ಒಂದು ಇಂಗ್ಲಿಷ್ ಪದವನ್ನು ತರಲಿ. ತರಗತಿಯ ಕೊನೆಯ ಹದಿನೈದು ನಿಮಿಷ ಅದಕ್ಕೇ ಮೀಸಲು: ಅಜ್ಜಿಗೂ ನಗು ಬರುವಂಥ ಒಂದು ವಾಕ್ಯವನ್ನು, ಕನ್ನಡದಲ್ಲಿ, ಅವರೇ ಕಟ್ಟಬೇಕು.